ಬಾಗಿದ ರನ್ನರ್, ಸುಕ್ಕುಗಟ್ಟಿದ ಹಿಂಬದಿ: ಎರಡನೆಯದನ್ನು ಹೀಗೆ ಹೊಲಿದು ನೋಡಿ

ನೀವು ಹಾಕಿದ ಫೋಟೊ ನೋಡಿದೆ. ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಮಾಡಿದ ಟೇಬಲ್ ರನ್ನರ್ (ಟೇಬಲ್ಲಿನ ನಡುವೆ ಉದ್ದಕ್ಕೆ ಹಾಸುವ ಬಟ್ಟೆ) ಬಾಳೆಕಾಯಿಯ ಹಾಗೆ ಒಂದು ಕಡೆಗೆ ಬಾಗಿದೆ. ಹಿಂಬದಿಯಲ್ಲಿ ಬಟ್ಟೆ ಮಡಚಿಕೊಂಡು ಅದರ ಮೇಲೆಯೇ ಹೊಲಿಗೆ ಬಿದ್ದಿದೆ. ಮನೆಯ ಸಾದಾ ಮಷಿನ್‌ನಲ್ಲಿ ಇದು ಆಗುವ ಕೆಲಸವಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನೇರ ಹೊಲಿಗೆ ಹಾಕುವ ಯಾವ ಮಷಿನ್ ಆದರೂ ಸಾಕು. ನಿಮ್ಮ ಹೊಲಿಗೆ ಚೆನ್ನಾಗಿಯೇ ಇದೆ, ದಾರದ ಬಿಗಿ (ಟೆನ್ಷನ್) ಸರಿ ಕೂತಿದೆ. ಎಡವಟ್ಟಾಗಿರುವುದು ಹೊಲಿಗೆಯ ಹಿಂದು ಮುಂದಿನ ಕೆಲಸದಲ್ಲಿ. ಬಟ್ಟೆಯ ಅಂಚಿನಿಂದ ಹೊಲಿಗೆಗೆ ಬಿಡುವ ಕಾಲು ಇಂಚಿನ ಅಳತೆ, ಇಸ್ತ್ರಿ, ಪಿನ್ನು, ಈ ಮೂರರಲ್ಲಿ.

ಮೊದಲು ಅಳತೆ ಹೇಳಿಬಿಡುತ್ತೇನೆ. ರನ್ನರಿನ ಅಗಲ ಟೇಬಲ್ ಅಗಲದ ಮೂರನೇ ಒಂದು ಭಾಗ ಇದ್ದರೆ ನೋಡಲು ಚೆನ್ನ. ನಿಮ್ಮದು 36 ಇಂಚಿನ ಟೇಬಲ್ ಅಂದಿರಿ, ಹಾಗಾದರೆ ಸುಮಾರು 12 ಇಂಚು. ಎರಡೂವರೆ ಇಂಚು ಅಗಲ, ಹನ್ನೆರಡೂವರೆ ಇಂಚು ಉದ್ದದ 21 ಪಟ್ಟಿ ಕತ್ತರಿಸಿಕೊಳ್ಳಿ. ಏಣಿಯ ಮೆಟ್ಟಿಲಿನ ಹಾಗೆ ಒಂದರ ಪಕ್ಕ ಒಂದು ಜೋಡಿಸಿದರೆ, ಪ್ರತಿ ಜೋಡಣೆಗೆ ಅರ್ಧ ಇಂಚು ಒಳಗೆ ಹೋದರೂ, 42 ಇಂಚು ದಾಟುತ್ತದೆ. ಎರಡು ತುದಿಯ ಪಟ್ಟಿಗಳನ್ನು ಮಾತ್ರ ಎರಡೂಮುಕ್ಕಾಲು ಇಂಚು ಅಗಲ ಇಡಿ. ಕೊನೆಗೆ ಅಂಚು ಮಡಚಿದಾಗ ತುದಿಯ ಪಟ್ಟಿ ಅರ್ಧ ಇಂಚು ಮುಚ್ಚಿಹೋಗುತ್ತದೆ. ಜಾಸ್ತಿ ಬಿಟ್ಟಿರದಿದ್ದರೆ ಅದೊಂದೇ ಸಣಕಲಾಗಿ ಕಾಣುತ್ತದೆ.

ಬಟ್ಟೆ ಹತ್ತಿಯದೇ ಇರಲಿ. ಜಾರುವ ಬಟ್ಟೆ, ಹಿಗ್ಗುವ ಬಟ್ಟೆ ಮೊದಲ ಸಲಕ್ಕೆ ಬೇಡವೇ ಬೇಡ. ಕತ್ತರಿಸುವ ಮುಂಚೆ ಒಗೆದು ಇಸ್ತ್ರಿ ಮಾಡಿ. ಹೊಲಿದ ಮೇಲೆ ಒಗೆದರೆ ಒಂದು ಬಣ್ಣ ಕುಗ್ಗಿ ಇನ್ನೊಂದು ಹಾಗೇ ಉಳಿದೀತು. ಕೆಂಪು, ಕಡು ನೀಲಿ ಇದ್ದರೆ ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬಿಳಿಯ ಪಕ್ಕ ಕೂರಿಸಬೇಡಿ.

ಈಗ ಕಾಲು ಇಂಚಿನ ವಿಷಯ. ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಜಾಸ್ತಿ ಜನ ಜಾರುವುದೇ ಇಲ್ಲಿ. ಬ್ಲೌಸ್, ಕುರ್ತಾ ಹೊಲಿದು ರೂಢಿಯಾದವರು ಪ್ರೆಸರ್ ಫೂಟಿನ (ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಅಂಚನ್ನು ಬಟ್ಟೆಯ ಅಂಚಿಗೆ ಇಟ್ಟು ಹೊಲಿಯುತ್ತಾರೆ. ಸಾದಾ ಫೂಟಿನಲ್ಲಿ ಸೂಜಿಯಿಂದ ಅಂಚಿಗೆ ಹೆಚ್ಚಾಗಿ ಕಾಲು ಇಂಚಿಗಿಂತ ಒಂಚೂರು ಜಾಸ್ತಿಯೇ ಇರುತ್ತದೆ. ಬ್ಲೌಸಿಗೆ ಅದು ಲೆಕ್ಕಕ್ಕಿಲ್ಲ. ಇಲ್ಲಿ 20 ಜೋಡಣೆ ಇದೆ ಅಲ್ವಾ? ಒಂದೊಂದು ಜೋಡಣೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ತಿಂದರೂ ಕೊನೆಗೆ ಎರಡೂವರೆ ಇಂಚು ಮಾಯ! ಒಂದೇ ಜೋಡಣೆಯಲ್ಲಿ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಹಿಡಿದರಂತೂ ಅಲ್ಲಿಂದಲೇ ಬಾಗು ಶುರು.

ಹೀಗೆ ಮಾಡಿ. ಸ್ಕೇಲನ್ನು ಫೂಟಿನ ಕೆಳಗೆ ಇಡಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ, ಸೂಜಿಯ ಮೊನೆ ಸರಿಯಾಗಿ ಕಾಲು ಇಂಚಿನ ಗೆರೆಯನ್ನು ಮುಟ್ಟುವ ಹಾಗೆ ಇಳಿಸಿ. ಸ್ಕೇಲಿನ ಬಲ ಅಂಚು ಎಲ್ಲಿದೆಯೋ ಅಲ್ಲಿ ಮಷಿನ್‌ನ ಪ್ಲೇಟಿನ ಮೇಲೆ ಟೇಪು ಅಂಟಿಸಿ. ಟೇಪು ಬಟ್ಟೆ ಎಳೆಯುವ ಹಲ್ಲುಗಳ ಮೇಲೆ ಬರಬಾರದು. ಅವುಗಳ ಮುಂದೆ ಅಂಟಿಸಿದರೆ ಸಾಕು. ಬಟ್ಟೆಯ ಅಂಚು ಟೇಪಿಗೆ ತಾಗಿಕೊಂಡೇ ಹೋಗಲಿ. ಸೂಜಿ ನೋಡಬೇಡಿ, ಟೇಪು ನೋಡಿ.

ಆಮೇಲೆ ಚೂರು ಬಟ್ಟೆಯಲ್ಲಿ ಎರಡೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ, ಇಸ್ತ್ರಿ ಒತ್ತಿ, ನಡುವಿನ ಪಟ್ಟಿಯನ್ನು ಅಳೆಯಿರಿ. ಸರಿಯಾಗಿ ಎರಡು ಇಂಚು ಬಂದರೆ ಗೆದ್ದಿರಿ. ಎರಡಕ್ಕಿಂತ ಕಡಿಮೆ ಬಂದರೆ ಟೇಪನ್ನು ಸೂಜಿಯ ಕಡೆಗೆ ಕೂದಲೆಳೆಯಷ್ಟು ಸರಿಸಿ, ಜಾಸ್ತಿ ಬಂದರೆ ಆಚೆಗೆ. ನನಗೆ ಇದು ಕೂತಿದ್ದು ನಾಲ್ಕನೇ ಸಲಕ್ಕೆ.

ಜೋಡಿಸುವಾಗ ಉದ್ದಕ್ಕೆ ಒಂದೊಂದೇ ಪಟ್ಟಿ ಸೇರಿಸುತ್ತಾ ಹೋಗಬೇಡಿ. ಮೊದಲು ಎರಡೆರಡು ಜೋಡಿ ಮಾಡಿ, ಆಮೇಲೆ ಜೋಡಿಗೆ ಜೋಡಿ ಸೇರಿಸಿ. ಒಂದು ಜೋಡಣೆ ಮೇಲಿನಿಂದ ಹೊಲಿದರೆ ಪಕ್ಕದ್ದನ್ನು ಕೆಳಗಿನಿಂದ ಹೊಲಿಯಿರಿ. ಎಲ್ಲವನ್ನೂ ಒಂದೇ ತುದಿಯಿಂದ ಹೊಲಿದರೆ ಮಷಿನ್ ಎಳೆಯುವ ಎಳೆತವೆಲ್ಲ ಒಂದೇ ಕಡೆ ಸೇರಿಕೊಳ್ಳುತ್ತದೆ. ನಿಮ್ಮ ಬಾಳೆಕಾಯಿಗೆ ಅರ್ಧ ಕಾರಣ ಇದು ಅಂತ ನನ್ನ ಅಂದಾಜು.

ಇನ್ನರ್ಧ ಇಸ್ತ್ರಿ. ಇಲ್ಲಿ ಇಸ್ತ್ರಿ ಉಜ್ಜುವ ಹಾಗಿಲ್ಲ. ಇಡಿ, ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಅಂಗಿಗೆ ಉಜ್ಜಿದ ಹಾಗೆ ಉಜ್ಜಿದರೆ ಪಟ್ಟಿ ಹಿಗ್ಗುತ್ತದೆ. ಮೊದಲು ಹೊಲಿಗೆಯನ್ನು ಇದ್ದ ಹಾಗೇ ಒತ್ತಿ, ಆಮೇಲೆ ಬಿಡಿಸಿ, ಒಳಗಿನ ಅಂಚು ಎರಡನ್ನೂ ಕಡು ಬಣ್ಣದ ಕಡೆಗೆ ಮಲಗಿಸಿ ಒತ್ತಿ. ತಿಳಿ ಬಣ್ಣದ ಕೆಳಗೆ ಮಲಗಿದರೆ ನೆರಳು ಕಾಣುತ್ತದೆ. ಪ್ರತಿ ಜೋಡಣೆ ಆದಮೇಲೂ ಇದನ್ನು ಮಾಡಬೇಕು. ಬೇಜಾರಿನ ಕೆಲಸ, ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒಟ್ಟಿಗೆ ಮಾಡೋಣ ಅಂದರೆ ಮಾತ್ರ ಕೆಡುತ್ತದೆ.

ರನ್ನರ್ ಮೂರು ಪದರದ್ದು: ಮೇಲೆ ಪಟ್ಟಿ ಜೋಡಿಸಿದ ಬಟ್ಟೆ, ಕೆಳಗೆ ಹಿಂಬದಿಯ ಬಟ್ಟೆ, ನಡುವೆ ಬ್ಯಾಟಿಂಗ್ ಅನ್ನುವ ಮೆತ್ತನೆಯ ಹಾಸು. ಈ ನಡುವಿನ ಪದರಕ್ಕೆ ತೆಳುವಾದ ಹತ್ತಿ ಬ್ಯಾಟಿಂಗ್ ಒಳ್ಳೆಯದು. ಸಿಗದಿದ್ದರೆ ಹಳೆಯ ತೆಳು ಹೊದಿಕೆ, ಫ್ಲಾನೆಲ್ ಬಟ್ಟೆ ಆಗುತ್ತದೆ. ದಿಂಬಿಗೆ ತುಂಬುವ ಉಬ್ಬು ಫೈಬರ್ ಬೇಡ. ಮೇಲಿಟ್ಟ ಲೋಟ ವಾಲುತ್ತದೆ. ಬಿಸಿ ಪಾತ್ರೆ ಇಡುವ ಯೋಚನೆ ಇದ್ದರೆ ಪಾಲಿಯೆಸ್ಟರ್ ಇರುವ ಯಾವುದೂ ಬೇಡ, ಹಾಗಿದ್ದರೂ ಪಾತ್ರೆಯ ಕೆಳಗೆ ಬೇರೆ ಮಣೆ ಇಡಿ. ಈ ಪದರ ಮತ್ತು ಹಿಂಬದಿಯ ಬಟ್ಟೆ, ಎರಡನ್ನೂ ಸುತ್ತ ಎರಡೆರಡು ಇಂಚು ದೊಡ್ಡದಾಗಿ ಕತ್ತರಿಸಿ.

ಸುಕ್ಕಿನ ವಿಷಯಕ್ಕೆ ಬರೋಣ. ಮಷಿನ್‌ನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಎಳೆಯುತ್ತವೆ, ಮೇಲಿನ ಫೂಟು ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಮೂರು ಪದರ ಇದ್ದಾಗ ಒಂದೊಂದೂ ಒಂದೊಂದು ವೇಗದಲ್ಲಿ ಹೋಗುತ್ತದೆ. ವಾಕಿಂಗ್ ಫೂಟ್ ಅಂತ ಬರುತ್ತದಲ್ಲ, ಅದಕ್ಕೆ ಮೇಲೂ ಹಲ್ಲಿರುತ್ತದೆ, ಎರಡೂ ಕಡೆ ಸಮ ಎಳೆಯುತ್ತದೆ. ನಿಮ್ಮ ಮಷಿನ್‌ಗೆ ಹೊಂದುವಂಥದ್ದು ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೂ ನಡೆಯುತ್ತದೆ, ಆದರೆ ಪಿನ್ನಿನಲ್ಲಿ ಜಿಪುಣತನ ಮಾಡಬಾರದು.

ಹಿಂಬದಿಯ ಬಟ್ಟೆಯನ್ನು ಉಲ್ಟಾ ಬದಿ ಮೇಲೆ ಮಾಡಿ ಟೇಬಲ್ ಮೇಲೆ ಹಾಸಿ, ನಾಲ್ಕೂ ಕಡೆ ಟೇಪಿನಲ್ಲಿ ಅಂಟಿಸಿ. ಸುಕ್ಕು ಇರಬಾರದು, ಹಾಗಂತ ಜಗ್ಗಲೂಬಾರದು. ಜಗ್ಗಿ ಅಂಟಿಸಿದ್ದು ಟೇಪು ಬಿಚ್ಚಿದ ತಕ್ಷಣ ಕುಗ್ಗಿ ಮೇಲಿನದನ್ನು ನೆರಿಗೆ ಮಾಡುತ್ತದೆ. ಅದರ ಮೇಲೆ ಬ್ಯಾಟಿಂಗ್, ಅದರ ಮೇಲೆ ಪಟ್ಟಿ ಜೋಡಿಸಿದ ಬಟ್ಟೆ, ಸೀದಾ ಬದಿ ಮೇಲೆ. ನಡುವಿನಿಂದ ಹೊರಗೆ ಅಂಗೈಯಲ್ಲಿ ಸವರಿ. ಸೇಫ್ಟಿ ಪಿನ್ನುಗಳನ್ನೂ ನಡುವಿನಿಂದಲೇ ಶುರುಮಾಡಿ. ಅಂಗೈ ಎಲ್ಲಿಟ್ಟರೂ ಒಂದು ಪಿನ್ನು ತಾಗಬೇಕು, ಅಂದರೆ ನಾಲ್ಕು ಇಂಚಿಗೊಂದು. ಹೊಲಿಗೆ ಬರುವ ಜಾಗದಲ್ಲಿ ಚುಚ್ಚಬೇಡಿ. ಪಿನ್ನು ಬೇಡ ಅನ್ನುವವರು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬಹುದು. ನಿಧಾನ ಆಗುತ್ತದೆ, ಆದರೆ ಪಿನ್ನಿಗಿಂತ ಗಟ್ಟಿ ಅನ್ನುವುದು ನನ್ನ ಅನುಭವ.

ಇನ್ನು ಮೂರೂ ಪದರವನ್ನು ಸೇರಿಸಿ ಹೊಲಿಯುವ ಕೆಲಸ. ಹೊಸ ಸೂಜಿ ಹಾಕಿ, 14 ನಂಬರಿನದು. ಪಟ್ಟಿ ಜೋಡಿಸುವಾಗ ಹೊಲಿಗೆಯ ಉದ್ದ ಎರಡರಿಂದ ಎರಡೂವರೆ ಮಿಲಿಮೀಟರ್ ಸಾಕು, ಈಗ ಮೂರು ಅಥವಾ ಮೂರೂವರೆಗೆ ಏರಿಸಿ. ಫೂಟಿನ ಒತ್ತಡ ಕಡಿಮೆ ಮಾಡುವ ತಿರುಪು ಇದ್ದರೆ ಸ್ವಲ್ಪ ಸಡಿಲಿಸಿ. ಹನ್ನೊಂದನೇ ಪಟ್ಟಿ ಸರೀ ಮಧ್ಯ. ಅದರ ಪಕ್ಕದ ಜೋಡಣೆಯಿಂದ ಕಾಲು ಇಂಚು ಬಿಟ್ಟು ಮೊದಲ ಗೆರೆ ಹೊಲಿಯಿರಿ. ಹಾಗೇ ಪ್ರತಿ ಜೋಡಣೆಯ ಪಕ್ಕ ಒಂದೊಂದು ಗೆರೆ ಹೊಲಿಯುತ್ತಾ ಒಂದು ತುದಿಯವರೆಗೆ ಹೋಗಿ, ಮಧ್ಯಕ್ಕೆ ತಿರುಗಿ ಬಂದು ಇನ್ನೊಂದು ತುದಿಗೆ. ಜೋಡಣೆಯ ಸಂದಿಯಲ್ಲೇ ಹೊಲಿದರೆ ಅಂದ ಅಂತ ಹೇಳುತ್ತಾರೆ. ಹೌದು, ಆದರೆ ಅಲ್ಲಿ ಸೂಜಿ ಒಂದು ಎಳೆ ಆಚೆ ಹೋದರೂ ಕಣ್ಣಿಗೆ ಹೊಡೆಯುತ್ತದೆ. ಕಾಲು ಇಂಚು ದೂರದ ಗೆರೆ ಅಲ್ಪ ಸ್ವಲ್ಪ ಅಂಕುಡೊಂಕಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟೆಯನ್ನು ಎಳೆಯಬೇಡಿ, ತಳ್ಳಬೇಡಿ, ಸುಮ್ನೆ ದಾರಿ ತೋರಿಸಿ. ಎರಡು ಮೂರು ಗೆರೆಗೊಮ್ಮೆ ತಿರುಗಿಸಿ ಹಿಂಬದಿ ನೋಡಿ. ಸುಕ್ಕು ಕಂಡರೆ ಆಗಲೇ ಬಿಚ್ಚಿ.

ಅಂಚಿಗೆ ಬೇರೆ ಪೈಪಿಂಗ್ ಪಟ್ಟಿ ಹಾಕುವ ಬದಲು ಹಿಂಬದಿಯ ಬಟ್ಟೆಯನ್ನೇ ಮುಂದಕ್ಕೆ ಮಡಚಿ. ಬ್ಯಾಟಿಂಗನ್ನು ಮೇಲಿನ ಬಟ್ಟೆಯ ಸಮಕ್ಕೆ, ಹಿಂಬದಿಯ ಬಟ್ಟೆಯನ್ನು ಒಂದು ಇಂಚು ಹೊರಗೆ ಬಿಟ್ಟು ಕತ್ತರಿಸಬೇಕು. ಇಲ್ಲಿ ಹುಷಾರು. ನಾನು ಮೊದಲ ಸಲ ಮಾತಾಡುತ್ತಾ ಮೂರೂ ಪದರವನ್ನು ಒಟ್ಟಿಗೆ ಕತ್ತರಿಸಿಬಿಟ್ಟೆ. ಅರ್ಧ ಅಂಚು ಹೋದಮೇಲೆ ಗೊತ್ತಾಯಿತು. ಕೊನೆಗೆ ಬೇರೆ ಬಣ್ಣದ ಪಟ್ಟಿ ಕೊಡಬೇಕಾಯಿತು, ನೋಡಿದವರು ಬೇಕಂತಲೇ ಹಾಕಿದ್ದು ಅಂದುಕೊಂಡರು. ಈಗ ಹಿಂಬದಿಯ ಬಟ್ಟೆಯನ್ನು ಒಳಕ್ಕೆ ಮಡಚಿ ಪಿನ್ನು ಚುಚ್ಚಿಕೊಂಡೇ ಕತ್ತರಿ ಹಿಡಿಯುತ್ತೇನೆ.

ಬಿಟ್ಟ ಒಂದು ಇಂಚನ್ನು ಮೊದಲು ಅರ್ಧಕ್ಕೆ ಮಡಚಿ ಒತ್ತಿ. ಇನ್ನೊಮ್ಮೆ ಮಡಚಿದರೆ ಮೇಲಿನ ಬಟ್ಟೆಯ ಅಂಚು, ಗೆರೆಗಳ ಶುರು ಮತ್ತು ಕೊನೆ ಎಲ್ಲಾ ಅದರೊಳಗೆ ಅಡಗುತ್ತವೆ. ಮೊದಲು ಉದ್ದದ ಎರಡು ಬದಿ ಹೊಲಿದು ಮುಗಿಸಿ, ಆಮೇಲೆ ತುದಿಗಳು. ಮೂಲೆಯಲ್ಲಿ ಬಟ್ಟೆ ಗಂಟಾಗುತ್ತದೆ. ಒಳಗೆ ಹೋಗುವ ಚೂರನ್ನು ಸ್ವಲ್ಪ ಕತ್ತರಿಸಿ ತೆಗೆದರೆ ಚಪ್ಪಟೆಯಾಗಿ ಕೂರುತ್ತದೆ.

ಬಾಗಿದ ಹಳೆಯದನ್ನು ಬಿಸಾಡಬೇಡಿ. ಸುಕ್ಕಿಲ್ಲದ ಕಡೆ ನೋಡಿ ಮೂರು ತುಂಡು ಮಾಡಿ, ಹಿಂದೆ ಹೊಸ ಬಟ್ಟೆ ಕೊಟ್ಟು ಅಂಚು ಮಡಚಿ, ಮೂರು ಚಿಕ್ಕ ಮ್ಯಾಟ್ ಆಗುತ್ತವೆ. ಹನ್ನೆರಡು ಮೂಲೆ ಹೊಲಿದಷ್ಟರಲ್ಲಿ ಮೂಲೆ ಮಡಚುವುದೂ ಕೈಗೆ ಹತ್ತಿರುತ್ತದೆ. ಹೊಸ ರನ್ನರಿನ ಪಟ್ಟಿ ಜೋಡಿಸಿದ ಮೇಲೆ, ಬ್ಯಾಟಿಂಗ್ ಇಡುವ ಮುಂಚೆ ಒಂದು ಫೋಟೊ ಹಾಕಿ. ಬಾಗು ಇದ್ದರೆ ಆಗಲೇ ಹೇಳಬಹುದು, ಬಿಚ್ಚುವುದೂ ಸುಲಭ.