ಓದುಗರ ಪ್ರಶ್ನೆ: ಸಿಮ್ಯುಲೇಶನ್‌ನ್ಯಾಗ ಚೊಲೋ, ಮೋಟರ್ ಮ್ಯಾಲ ಯಾಕ ಜಿಗದಾಡ್ತೈತಿ?

ಪ್ರಶ್ನೆ: ನಮಸ್ಕಾರ್ರಿ ಸರ, ನಾವು ನಾಕ್ ಮಂದಿ ಗೆಳ್ಯಾರು ಬಾಗಲಕೋಟ್ಯಾಗ ಇಲೆಕ್ಟ್ರಿಕಲ್ ಕಡೀ ವರ್ಷ ಓದಾಕತ್ತೀವಿ. 2 ಎಚ್‌ಪಿ ಇಂಡಕ್ಷನ್ ಮೋಟರಿಗೆ ಪ್ರಿಡಿಕ್ಟಿವ್ ಟಾರ್ಕ್ ಕಂಟ್ರೋಲ್ (ಟಾರ್ಕ್, ಅಂದ್ರ ತಿರಗಸೂ ಬಲ, ಮೊದ್ಲ ಲೆಕ್ಕ ಹಾಕಿ ಹಿಡತದಾಗ ಇಡೂದು) ಪ್ರಾಜೆಕ್ಟ್ ತಗೊಂಡೀವ್ರಿ. ಸಿಮ್ಯುಲೇಶನ್‌ನ್ಯಾಗ ಮಸ್ತ್ ಬರ್ತೈತಿ, ಲ್ಯಾಬ್‌ನ್ಯಾಗ ಅದ ಕೋಡ್ ಹಾಕಿದ್ರ ಮೋಟರ್ ಗುರ್ರ್ ಅಂತೈತಿ, ಟಾರ್ಕ್ ಮ್ಯಾಲ ಕೆಳಗ ಜಿಗದಾಡ್ತೈತಿ. ಲ್ಯಾಮ್ಡಾ, ಅಂದ್ರ ಟಾರ್ಕಿನ ಮುಂದ ಫ್ಲಕ್ಸ್‌ಗೆ (ಮೋಟರಿನ ಕಾಂತ ಹರಿವಿಗೆ) ಕೊಡೂ ತೂಕ, ಬದ್ಲಿ ಮಾಡಿ ಮಾಡಿ ಸಾಕಾತು. ಡಿಟಿಸಿನ (ಡೈರೆಕ್ಟ್ ಟಾರ್ಕ್ ಕಂಟ್ರೋಲ್) ತಗೋಬೇಕಿತ್ತೇನ್ರಿ?

ಉತ್ತರ: ಲ್ಯಾಮ್ಡಾ ಸ್ವಲ್ಪ ಬಾಜೂಕ ಇಡ್ರಪಾ, ಮೊದ್ಲ ಕೋಡ್‌ನ್ಯಾಗ ಡಿಲೇ ಕಾಂಪೆನ್ಸೇಶನ್ (ಲೆಕ್ಕಕ್ಕ ಹಿಡಿಯೂ ತಡಾ ಸರಿದೂಗಸೂದು) ಐತೋ ಇಲ್ಲೋ ನೋಡ್ರಿ. ಡಿಟಿಸಿ, ಅಂದ್ರ 1986ರಾಗ ತಕಾಹಾಶಿ ಮತ್ತ ನೊಗುಚಿ ಬರದದ್ದು, ಟಾರ್ಕ್ ಕಡಿಮಿ ಐತೋ ಹೆಚ್ಚೈತೋ ಅಷ್ಟ ಕೇಳಿ ಟೇಬಲ್ ನೋಡಿ ವೋಲ್ಟೇಜ್ ವೆಕ್ಟರ್ (ಇನ್ವರ್ಟರ್ ಸ್ವಿಚ್‌ಗಳ ಒಂದು ಜೋಡಣಿ ಮೋಟರಿಗೆ ಕೊಡೂ ವೋಲ್ಟೇಜ್) ಆರಸ್ತೈತಿ, ಎಷ್ಟು ಕಡಿಮಿ ಅಂತ ಬಾಳ ತಲಿ ಕೆಡಿಸ್ಕೊಳ್ಳೂದಿಲ್ಲ. ನಿಮ್ಮದು ಹಂಗಲ್ಲ, ಇನ್ವರ್ಟರ್‌ಗೆ ಇರೋ 8 ಸ್ವಿಚಿಂಗ್ ಸ್ಥಿತಿಯಾಗ ಬ್ಯಾರೆ ಬ್ಯಾರೆ ವೆಕ್ಟರ್ 7, ಆ ಏಳನ್ನೂ ಒಂದೊಂದ ಮೋಟರ್ ಮಾಡೆಲ್‌ನ್ಯಾಗ ಹಾಕಿ, ಇದನ್ನ ಕೊಟ್ರ ಟಾರ್ಕ್ ಎಷ್ಟಾಗ್ತೈತಿ ಫ್ಲಕ್ಸ್ ಎಷ್ಟಾಗ್ತೈತಿ ಅಂತ ಲೆಕ್ಕ ಹಾಕಿ, ಎದರಾಗ ತಪ್ಪು ಕಡಿಮಿ ಅದನ್ನ ಹಾಕ್ತೈತಿ.

ಈ ಲೆಕ್ಕಕ್ಕ ಟೈಮ್ ಹಿಡೀತೈತಿ, ಎಡವಟ್ಟು ಇರೂದು ಅಲ್ಲೇ. ನೀವು 50 ಮೈಕ್ರೊಸೆಕೆಂಡ್ ಸ್ಯಾಂಪ್ಲಿಂಗ್ (ಅಷ್ಟಕ್ಕೊಮ್ಮೆ ಅಳತಿ) ಇಟ್ಟೀರಿ ಅಂದ್ಕೊಳ್ರಿ, ಕರೆಂಟ್ ಅಳದು ಲೆಕ್ಕ ಮುಗದು ಹೊಸ ವೆಕ್ಟರ್ ಹೋಗೂದು ಮುಂದಿನ ಸ್ಯಾಂಪಲ್‌ಗೆ, ಅಲ್ಲೀತನಾ ಹಳೇ ವೆಕ್ಟರ್ ಮೋಟರನ್ನ ಎಲ್ಲಿಗೋ ಒಯ್ದಿರ್ತೈತಿ. ಸಿಮ್ಯುಲೇಶನ್‌ನ್ಯಾಗ ಲೆಕ್ಕಕ್ಕ ಟೈಮ್ ಸೊನ್ನಿ, ಅದಕ್ಕ ಅಲ್ಲಿ ಚಂದ ಕಾಣ್ತೈತಿ. ಬೇಕಿದ್ರ ಅದರಾಗ ಗೇಟ್ ಸಿಗ್ನಲ್‌ಗೆ ಒಂದು ಸ್ಯಾಂಪಲ್ ಡಿಲೇ ಬ್ಲಾಕ್ ಹಾಕಿ ನೋಡ್ರಿ, ಅಲ್ಲೂ ಜಿಗದಾಡಾಕ ಶುರು ಮಾಡ್ತೈತಿ. ಮದ್ದು ಸರಳ ಐತಿ, ಈಗ ಯಾವ ವೆಕ್ಟರ್ ನಡದೈತಿ ನಿಮಗ ಗೊತ್ತೈತಿ, ಅದನ್ನ ಹಾಕಿ ಮುಂದಿನ ಸ್ಯಾಂಪಲ್‌ನ ಫ್ಲಕ್ಸ್, ಕರೆಂಟ್ ಅಂದಾಜ್ ಮಾಡ್ರಿ, ಆಮ್ಯಾಲ ಏಳೂ ವೆಕ್ಟರ್ ಹಚ್ಚಿ ನೋಡೂದು ಅಲ್ಲಿಂದ, ಅದರಾಚೀ ಸ್ಯಾಂಪಲ್‌ಗೆ.

ಈಗ ಲ್ಯಾಮ್ಡಾ. ಹಗರ್ ದಾರಿ ಅಂದ್ರ ರೇಟೆಡ್ ಟಾರ್ಕನ್ನ ರೇಟೆಡ್ ಫ್ಲಕ್ಸ್‌ಲೆ ಭಾಗಿಸ್ರಿ. 2 ಎಚ್‌ಪಿ, 1440 ಆರ್‌ಪಿಎಂ ಅಂದ್ರ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್, 415 ವೋಲ್ಟಿಗೆ ಸ್ಟೇಟರ್ (ಮೋಟರಿನ ತಿರಗದ ಭಾಗ) ಫ್ಲಕ್ಸ್ ಹತ್ತಿರ ಹತ್ತಿರ 1 ವೇಬರ್, ಅಂದ್ರ ಲ್ಯಾಮ್ಡಾ 10ರಿಂದ ಶುರು ಮಾಡ್ರಿ. ಕಾಸ್ಟ್ ಫಂಕ್ಷನ್‌ನ್ಯಾಗ (ತಪ್ಪು ಕೂಡಸಿ ಲೆಕ್ಕ ಹಾಕೂ ಸೂತ್ರದಾಗ) ಎರರ್‌ನ ಸ್ಕ್ವೇರ್ ಮಾಡಿದ್ರ 10 ಅಲ್ಲ, 100! ಪೇಪರ್‌ನ್ಯಾಗಿನ ನಂಬರ್ ಹಂಗ ಎತ್ತಿ ಹಾಕೂ ಮಂದಿ ಇಲ್ಲೇ ಜಾರ್ತಾರ.

ಇನ್ನೊಂದು, ಸ್ಲೋ ಸ್ಪೀಡ್‌ನ್ಯಾಗ ಸ್ಟೇಟರ್ ರೆಸಿಸ್ಟೆನ್ಸ್ ಕೈ ಕೊಡ್ತೈತಿ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ 0.39% ಏರ್ತೈತಿ, ವೈಂಡಿಂಗ್ 50 ಡಿಗ್ರಿ ಕಾದ್ರ ಸುಮಾರು 20% ಆತು, ಮುಂಜಾನೆ ತಣ್ಣಗಿದ್ದಾಗ ಅಳದಿದ್ದು ನಮ್ಮ ಕಡೆ ಎಪ್ರಿಲ್ ಮಧ್ಯಾಹ್ನಕ್ಕ ಉಪಯೋಗಿಲ್ಲ.

ಡಿಟಿಸಿಗೆ ಹೋಗಬ್ಯಾಡ್ರಿ, ಇದನ್ನ ಮುಗಸ್ರಿ.

ಪ್ರಶ್ನೆ: ನಾ ಮುಧೋಳ ಕಡೆ ಸಕ್ರಿ ಫ್ಯಾಕ್ಟರ್ಯಾಗ ಮೆಂಟೆನೆನ್ಸ್ ನೋಡ್ತೀನ್ರಿ. ಕೇನ್ ಕ್ಯಾರಿಯರ್ (ಕಬ್ಬು ಒಯ್ಯೂ ಚೈನ್) ಮ್ಯಾಲ ಕಬ್ಬು ಗುಂಪಾಗಿ ಬಿದ್ರ ಡ್ರೈವ್ (ಮೋಟರ್ ನಡಸೂ ಕಂಟ್ರೋಲರ್) ಓವರ್‌ಕರೆಂಟ್ ಟ್ರಿಪ್ ಆಗ್ತೈತಿ. ಈ ಪ್ರಿಡಿಕ್ಟಿವ್ ಕಂಟ್ರೋಲ್ ಹಾಕಿದ್ರ ನಿಲ್ತೈತೇನ್ರಿ?

ಉತ್ತರ: ಅದು ಬ್ಯಾಡ್ರಿ ಅಣ್ಣಾರ. ನಿಮ್ಮ ಡ್ರೈವ್ ಇನ್ನೂ ವಿ ಬೈ ಎಫ್ (ವೋಲ್ಟೇಜ್, ಫ್ರೀಕ್ವೆನ್ಸಿ ಒಂದ ಅನುಪಾತದಾಗ ಇಡೂ ಸಾದಾ) ಮೋಡ್‌ನ್ಯಾಗ ಐತೇನ್ ನೋಡ್ರಿ, ಇದ್ರ ವೆಕ್ಟರ್ ಮೋಡ್ ಇಲ್ಲಾ ಡಿಟಿಸಿ ಮಾಡ್ರಿ, ನೇಮ್‌ಪ್ಲೇಟ್ ಡೇಟಾ ಸರಿ ತುಂಬಿ ಆಟೊಟ್ಯೂನ್ (ಡ್ರೈವ್ ತಾನ ಮೋಟರನ್ನ ಅಳಕೊಳ್ಳೂದು) ಓಡಸ್ರಿ, ಆಗೂದಿದ್ರ ಗೇರ್‌ಬಾಕ್ಸ್ ಬಿಚ್ಚಿ, ಮತ್ತ ಟಾರ್ಕ್ ಲಿಮಿಟ್ ಹಾಕ್ರಿ. ಲೋಡ್ ಬಿದ್ದಾಗ ಸ್ಪೀಡ್ ಇಳೀತೈತಿ, ಟ್ರಿಪ್ ಕಡಿಮಿ ಆಗ್ತೈತಿ. ಆದ್ರೂ ಟ್ರಿಪ್ ಆದ್ರ ಡ್ರೈವ್‌ನ್ಯಾಗ ದೋಷ ಹುಡುಕೂಕಿಂತ ಮೊದ್ಲ ಚೈನ್, ಬೇರಿಂಗ್ ನೋಡ್ರಿ.