ಹೆಸರು ಬದಲಾಯಿಸಿದರೆ ಸಾಕಾ?

ನಾದಿನಿಯ ಸಂಸಾರ ಮುರಿದದ್ದನ್ನು ಕಥೆ ಮಾಡಿದ್ದೇನೆ, ಹೆಸರು, ಊರು ಬದಲಾಯಿಸಿದ್ದೇನೆ, ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು ಮೇಡಂ. ಜನ ಹೆಸರು ನೋಡಿ ಗುರುತು ಹಿಡಿಯುವುದಿಲ್ಲ. ಯಾರಿಗೆ ಯಾರು ಏನಾಗಬೇಕು, ಯಾರ ಕೆಲಸ ಏನು, ಜಗಳ ಎಲ್ಲಿಂದ ಶುರುವಾಯಿತು, ಇದರಲ್ಲೇ ಸಿಕ್ಕಿಬೀಳುತ್ತೀರಿ.

ರಷ್ಯಾದ ದೊಡ್ಡ ಕಥೆಗಾರ ಚೆಕಾವ್‌ಗೇ ಈ ಪೇಚು ಬಂದಿತ್ತು. 1892ರ ಅವರ ಒಂದು ಕಥೆ ಓದಿ, ಪರಿಚಯದ 42 ವರ್ಷದ ಹೆಂಗಸೊಬ್ಬರು ಇದು ನಾನೇ ಅಂದುಬಿಟ್ಟರು. ನನ್ನ ನಾಯಕಿಗೆ ಇಪ್ಪತ್ತು ವರ್ಷ ಕಣ್ರೀ ಅನ್ನುವುದು ಚೆಕಾವ್ ವಾದ. ಆದರೆ ಆಕೆ ಚಿತ್ರ ಬರೆಯುತ್ತಿದ್ದರು, ಗಂಡ ಡಾಕ್ಟರು, ಒಬ್ಬ ಕಲಾವಿದನ ಜೊತೆ ಸಂಬಂಧ. ಕಥೆಯಲ್ಲೂ ಮೂರೂ ಹಾಗೇ! ಆ ಕಲಾವಿದ ಲೆವಿಟಾನ್, ಚೆಕಾವ್‌ರ ಹಳೇ ಗೆಳೆಯ. ಸುಮಾರು ಮೂರು ವರ್ಷ ಇಬ್ಬರಿಗೂ ಮಾತಿರಲಿಲ್ಲ.

'ಪಾತ್ರಗಳೆಲ್ಲ ಕಾಲ್ಪನಿಕ' ಅನ್ನುವ ಸಾಲನ್ನೂ, ಬದಲಾಯಿಸಿದ ಹೆಸರನ್ನೂ ಜಾಸ್ತಿ ನಂಬಬೇಡಿ. 1934ರಲ್ಲಿ ರಷ್ಯಾದ ರಾಜಮನೆತನದ ಮಹಿಳೆಯೊಬ್ಬರು ಲಂಡನ್‌ನಲ್ಲಿ ಒಂದು ಸಿನಿಮಾ ಕಂಪನಿ ಮೇಲೆ ಮಾನನಷ್ಟದ ಕೇಸು ಗೆದ್ದರು. ಸಿನಿಮಾದಲ್ಲಿ ಪಾತ್ರಕ್ಕೆ ಬೇರೆ ಹೆಸರೇ ಇತ್ತು.

ನಿಮ್ಮ ಕಥೆಯಲ್ಲಿ ನನಗೆ ನಾಟಿದ್ದು ಒಂದೇ ಜಾಗ. ಮನೆ ಬಿಟ್ಟು ಹೊರಟವಳು ಕೀಲಿ ಕೊಡಲು ಮರೆತು ಅರ್ಧ ದಾರಿಯಿಂದ ವಾಪಸ್ ಬರುತ್ತಾಳೆ. ಕೈಯಲ್ಲಿ ಕೀಲಿ ಹಿಡಿದುಕೊಂಡೇ ಬೆಲ್ ಒತ್ತಿ, ಯಾರಾದರೂ ಬಾಗಿಲು ತೆಗೆಯಲಿ ಅಂತ ನಿಲ್ಲುತ್ತಾಳೆ. ನೀವು ಬರೆಯಬೇಕಾದ ಕಥೆ ಇದು. ಗಂಡನ ಆಫೀಸು, ಅತ್ತೆಯ ಮಾತು, ವಕೀಲರ ಹತ್ತಿರ ಓಡಾಡಿದ್ದು, ಅವೆಲ್ಲ ಸುಮ್ನೆ ನಡೆದಿದ್ದಕ್ಕೆ ಬಂದು ಕೂತಿವೆ. ತೆಗೆಯಿರಿ. 'ನಿಜವಾಗಿ ನಡೆದದ್ದೇ ಹೀಗೆ' ಅನ್ನುವುದು ಓದುವವರಿಗೆ ಬೇಕಿಲ್ಲ. ಒಮ್ಮೆ ಗಂಡ ಹೆಂಡತಿ ಬದಲು ಅಕ್ಕ ತಂಗಿ ಮಾಡಿ ನೋಡಿ. ಮನೆ ಬಿಟ್ಟು ಹೋಗುವವಳು ತಂಗಿ. ಕೀಲಿ, ಬೆಲ್ ಎರಡೂ ಅಲ್ಲೂ ನಡೆಯುತ್ತವೆ, ಅಲ್ವಾ? ಮೊದಲ ಕರಡಿನಲ್ಲಿ ಬೇಕಾದರೆ ನಿಜ ಹೆಸರೇ ಇರಲಿ, ಕೈ ಸರಾಗ ಓಡುತ್ತದೆ. ಎರಡನೇ ಸಲ ಬರೆಯುವಾಗ ಸಂಬಂಧ ಬದಲಾಯಿಸಿ. ಪಾತ್ರ ನಾದಿನಿ ಆಡದ ಮಾತು ಆಡತೊಡಗಿದರೆ ತಡೆಯಬೇಡಿ.

ವೇಷ ಹಾಕುವಾಗ ಒಂದು ಎಚ್ಚರ. ನಮ್ಮ ಚಿಕ್ಕಪ್ಪ ಸಾಲ ಕೇಳುವ ಮೊದಲು ಕನ್ನಡಕ ತೆಗೆದು ಅಂಗಿ ತುದಿಯಲ್ಲಿ ಒರೆಸುತ್ತಿದ್ದರು. ಅವರನ್ನು ಮುಚ್ಚಿಡಲು ಕಥೆಯಲ್ಲಿ ಆ ಕನ್ನಡಕವನ್ನು ಒಬ್ಬ ಟೀಚರಮ್ಮನಿಗೆ ಹಾಕಿದೆ. ಚಿಕ್ಕಪ್ಪ ಓದಿ ಚೆನ್ನಾಗಿದೆ ಅಂದರು. ಟೀಚರ್ ಆಗಿದ್ದ ಸೋದರತ್ತೆ ಆರು ತಿಂಗಳು ಮಾತು ಬಿಟ್ಟರು! ಅವರು ನನ್ನ ತಲೆಯಲ್ಲೇ ಇರಲಿಲ್ಲ. ಹಾಗಾಗಿ ಹೊಸ ವೇಷ ಮನೆಯಲ್ಲಿ ಬೇರೆ ಯಾರಿಗಾದರೂ ಸರಿಹೊಂದುತ್ತದಾ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಆ ಕೀಲಿ ನೋಡಿದ ತಕ್ಷಣ ನಾದಿನಿಗೆ ಗೊತ್ತಾಗುತ್ತದೆ. ಅದನ್ನು ಅವರು ನಿಮಗೊಬ್ಬರಿಗೇ ಹೇಳಿದ್ದು ಅಂತ ಬೇರೆ ಬರೆದಿದ್ದೀರಿ. ಪತ್ರಿಕೆಗೆ ಕಳಿಸುವ ಮೊದಲು ಆ ಒಂದು ಪುಟವನ್ನಾದರೂ ಅವರಿಗೆ ಓದಲು ಕೊಡಿ. ಬೇಡ ಅಂದರೆ ಸದ್ಯಕ್ಕೆ ಎತ್ತಿಡಿ.