ಪಶ್ಚಿಮಕ್ಕೆ ಗಾಜಿನ ಗೋಡೆ: ಹಾಕಿಸಿಕೊಂಡವನ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 30×40 ಸೈಟ್, ರಸ್ತೆ ಪಶ್ಚಿಮಕ್ಕಿದೆ. ಹಾಲ್ ಡಬಲ್ ಹೈಟ್ (ಎರಡು ಮಹಡಿಯಷ್ಟು ಎತ್ತರ) ಮಾಡಿ ರಸ್ತೆ ಕಡೆ ಪೂರ್ತಿ ಗಾಜು ಹಾಕಿದರೆ ಹಗಲಲ್ಲಿ ಲೈಟೇ ಬೇಡ ಅಂತಾರೆ ಆರ್ಕಿಟೆಕ್ಟ್. ಹಾಕಿಸಬಹುದಾ? ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ.

ಇದ್ದೇನೆ. ನಿಮ್ಮ ಥರದ್ದೇ ಸೈಟು, ಅದೇ ದಿಕ್ಕು. 2017ರಲ್ಲಿ ಕಟ್ಟಿಸಿದೆ. ಗಾಜು 12 ಅಡಿ ಅಗಲ, 18 ಅಡಿ ಎತ್ತರ. ಗೃಹಪ್ರವೇಶ ಶ್ರಾವಣದಲ್ಲಿ ಆಯಿತು. ಮೋಡ ಕವಿದ ದಿನ. ಬಂದವರೆಲ್ಲ ತಲೆ ಎತ್ತಿ ನೋಡಿ "ಏನ್ ಬೆಳಕು ರೀ!" ಅಂದರು. ನನಗೂ ಎದೆ ಉಬ್ಬಿತು. ಆರು ತಿಂಗಳು ಅದೇ ಗುಂಗಿನಲ್ಲಿದ್ದೆ.

ಫೆಬ್ರವರಿ ಬಂತು ನೋಡಿ. ಮಧ್ಯಾಹ್ನ ಮೂರೂವರೆಗೆ ಬಿಸಿಲು ಒಳಗೆ ಕಾಲಿಡುತ್ತಿತ್ತು. ಮೊದಲು ಗಾಜಿನ ಪಕ್ಕದ ನೆಲ, ಆಮೇಲೆ ಸೋಫಾ, ನಾಲ್ಕೂವರೆಗೆ ಟಿವಿ. ಅಮ್ಮ ಆ ಹೊತ್ತಿಗೆ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತಾರೆ. ಬಿಸಿಲು ಒಂದಡಿ ಮುಂದೆ ಬಂದರೆ ಅವರ ಕುರ್ಚಿ ಒಂದಡಿ ಹಿಂದೆ. ಏಪ್ರಿಲ್ ಹೊತ್ತಿಗೆ ಆ ಕುರ್ಚಿ ಅಡುಗೆಮನೆ ಬಾಗಿಲಲ್ಲಿ ನಿಂತಿತ್ತು. "ಇನ್ನು ಹಿತ್ತಲಿಗೇ ಹೋಗಬೇಕು ಕಣೋ" ಅಂದರು. ಅವರು ತಮಾಷೆಗೇ ಹೇಳಿದ್ದು. ನನಗೆ ನಗು ಬರಲಿಲ್ಲ.

18 ಅಡಿ ಉದ್ದದ ಪರದೆ ಹೊಲಿಸಿದೆ. ರೆಡಿಮೇಡ್ ಸಿಗೋದಿಲ್ಲ, ಅದರ ಖರ್ಚು ಬೇರೆ. ಪರದೆ ಎಳೆದ ಮೇಲೆ ಹಾಲ್ ಕತ್ತಲೆ, ಸಂಜೆ ನಾಲ್ಕಕ್ಕೆ ಟ್ಯೂಬ್‌ಲೈಟ್. 216 ಚದರಡಿ ಗಾಜು ಇಟ್ಟುಕೊಂಡು ಹಗಲಲ್ಲಿ ಲೈಟ್ ಹಾಕಿದ ಮನೆ ನಮ್ಮದು. ಹಾಗಂತ ಸೆಖೆ ಕಡಿಮೆಯಾಯಿತಾ ಅಂದರೆ ಅದೂ ಇಲ್ಲ. ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಪರದೆ ಕಾಯುತ್ತದೆ, ಆ ಕಾವನ್ನು ಹಾಲಿಗೇ ಬಿಡುತ್ತದೆ. ಗಾಜಿನ ಗುಣವೇ ಅದು. ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ನೆಲ, ಸೋಫಾಗಳಿಂದ ಏಳುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆಗೋದೂ ಇದೇ ಅಲ್ವಾ?

ಆಮೇಲೆ ಕೂತು ಲೆಕ್ಕ ಹಾಕಿದೆ. ಮುಂಚೆಯೇ ಹಾಕಬೇಕಿತ್ತು. 216 ಚದರಡಿ ಅಂದರೆ 20 ಚದರ ಮೀಟರ್. ಮಾರ್ಚ್ ಸಂಜೆ ನಾಲ್ಕೂವರೆಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ ಹೆಚ್ಚುಕಮ್ಮಿ 600 ವ್ಯಾಟ್ ಬಿಸಿಲು ಬೀಳುತ್ತದೆ. 6 ಮಿಲಿಮೀಟರಿನ ಸಾದಾ ಗಾಜು ಅದರಲ್ಲಿ ಸುಮಾರು 80% ಒಳಗೆ ಬಿಡುತ್ತದೆ. ಗುಣಿಸಿದರೆ ಒಂಬತ್ತೂವರೆ ಕಿಲೋವ್ಯಾಟ್. ಸಾವಿರ ವ್ಯಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆ ಆನ್ ಮಾಡಿ ಹಾಲಿನಲ್ಲಿ ಸಾಲಾಗಿ ಇಟ್ಟ ಹಾಗೆ. ಒಂದೂವರೆ ಟನ್ನಿನ ಎಸಿ ಹೊರಹಾಕೋದು ಐದು ಕಿಲೋವ್ಯಾಟ್ ಚಿಲ್ಲರೆ. ಅಂದರೆ ಈ ಒಂದು ಗಾಜಿಗೇ ಎರಡು ಎಸಿ ಬೇಕು.

"ಮೇಲೆ ಎರಡಡಿ ಸಜ್ಜಾ ಕೊಡ್ತೀವಲ್ಲ ಸಾರ್" ಅಂತ ನಮ್ಮ ಆರ್ಕಿಟೆಕ್ಟ್ ಅಂದಿದ್ದರು. ನಿಮಗೂ ಹೇಳಬಹುದು. ಪಶ್ಚಿಮಕ್ಕೆ ಸಜ್ಜಾ ಕೆಲಸಕ್ಕೆ ಬರೋದಿಲ್ಲ. ಮಾರ್ಚಿನ ಆ ಹೊತ್ತಿಗೆ ಸೂರ್ಯ ನೆಲದಿಂದ 30 ಡಿಗ್ರಿಯಷ್ಟೇ ಮೇಲಿರುತ್ತಾನೆ. ಎರಡಡಿ ಸಜ್ಜಾದ ನೆರಳು ಗೋಡೆಯ ಮೇಲೆ ಒಂದಡಿ ಚೂರು ಇಳಿಯುತ್ತದೆ. ಉಳಿದ 17 ಅಡಿ ಗಾಜು ಬಿಸಿಲಿಗೇ. ಅದೇ ದಕ್ಷಿಣದ ಕಿಟಕಿಗೆ ಅದೇ ಸಜ್ಜಾ ಚಿನ್ನದಂಥ ಕೆಲಸ ಮಾಡುತ್ತದೆ. ಡಿಸೆಂಬರ್ ಮಧ್ಯಾಹ್ನ ಎರಡೂಮುಕ್ಕಾಲು ಅಡಿ ನೆರಳು, ಮಾರ್ಚಿಗೆ ಕಿಟಕಿ ಪೂರ್ತಿ ನೆರಳು. ಡಿಸೆಂಬರಿನಲ್ಲಿ ಬರುವ ಚೂರು ಬಿಸಿಲು ಬೆಂಗಳೂರಿನ ಚಳಿಗೆ ಹಿತವಾಗೇ ಇರುತ್ತದೆ. ಉತ್ತರ ಎಲ್ಲಕ್ಕಿಂತ ತಣ್ಣಗೆ. ಜೂನ್‌ನಲ್ಲಿ ಮಾತ್ರ ಸೂರ್ಯ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಹಾಗಾಗಿ ಬೆಳಿಗ್ಗೆ, ಸಂಜೆ ಓರೆಯಾಗಿ ಸ್ವಲ್ಪ ಬೀಳುತ್ತದೆ. ಅಷ್ಟು ಹೊತ್ತಿಗೆ ಮಳೆ ಮೋಡ ಬಂದಿರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ನಾನು ಎಡವಿದ್ದು ಒಂದು ಮಾತಿನಲ್ಲಿ. "ನ್ಯಾಚುರಲ್ ಲೈಟ್" ಅಂದಾಗ ಸುಮ್ನೆ ತಲೆಯಾಡಿಸಿದೆ. ಕನ್ನಡದಲ್ಲಿ ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ನಮಗೆ ಬೆಳಕು ಬೇರೆ, ಬಿಸಿಲು ಬೇರೆ. ಬೆಳಕಿಗೆ ಅಂತ ಕಿಟಕಿ ಇಡುತ್ತೇವೆ. ಬಿಸಿಲು ಬೇಕಾದರೆ ಹಪ್ಪಳ ಎತ್ತಿಕೊಂಡು ತಾರಸಿಗೆ ಹೋಗುತ್ತೇವೆ. ಹಾಲಿಗೆ ಯಾವುದು ಬರುತ್ತೆ ಅಂತ ನಾನು ಕೇಳಲೇ ಇಲ್ಲ. ನೀವು ಕೇಳಿ.

ಬೆಳಕು ಬೇಕಾಗೋದಾದರೂ ಎಷ್ಟು? ಬೆಳಕನ್ನು ಅಳೆಯೋದು ಲಕ್ಸ್‌ನಲ್ಲಿ. ನಡುಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಪೇಪರ್ ಓದೋಕೆ 300 ಸಾಕು. ಸಾಗರದ ಹತ್ತಿರ ನಮ್ಮ ಅಜ್ಜಿ ಮನೆಯ ಅಡುಗೆ ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ಗಾಜಿನ ಹೆಂಚು. ಮಂಗಳೂರು ಹೆಂಚಿನ ಅಳತೆಯದ್ದೇ, ಅದೂ ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲೇ ಅಜ್ಜಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು.

ಪೂರ್ತಿ ಗಾಜಿನ ಮನೆ ಅನ್ನೋ ಆಸೆ ಬಂದಿರೋದು ಚಳಿ ದೇಶದ ಫೋಟೋಗಳಿಂದ. ತಮಾಷೆ ಏನು ಗೊತ್ತಾ, ಅಲ್ಲೂ ಅದು ಸುಖ ಕೊಡಲಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಮೀಸ್ ವಾನ್ ಡರ್ ರೋ ಅನ್ನೋ ದೊಡ್ಡ ಆರ್ಕಿಟೆಕ್ಟ್ ಎಡಿತ್ ಫಾರ್ನ್ಸ್‌ವರ್ತ್ ಅನ್ನೋ ಡಾಕ್ಟರಮ್ಮನಿಗೆ ನಾಲ್ಕೂ ಕಡೆ ಗಾಜಿನ ಮನೆ ಕಟ್ಟಿಕೊಟ್ಟರು, 1951ರಲ್ಲಿ ಮುಗಿಯಿತು. ಇವತ್ತಿಗೂ ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಅದರ ಪಾಠ ಇದೆ. ಬೇಸಿಗೆಯಲ್ಲಿ ಒಳಗೆ ಬೇಗೆ, ಚಳಿಗಾಲದಲ್ಲಿ ಗಾಜಿನ ಮೇಲೆ ನೀರು. ಖರ್ಚಿನ ವಿಷಯದಲ್ಲಿ ಇಬ್ಬರೂ ಕೋರ್ಟ್ ಮೆಟ್ಟಿಲು ಹತ್ತಿದರು. ನಮ್ಮೂರಲ್ಲೂ ಒಂದು ಗಾಜಿನ ಮನೆ ಇದೆ, 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಾಲ್‌ಬಾಗಿನಲ್ಲಿ. ಅದನ್ನು ಕಟ್ಟಿದ್ದು ಹೂವಿಗೆ, ಗಿಡಕ್ಕೆ!

ಈಗ ಗಾಜಿನ ಅಂಗಡಿಯ ವಿಷಯ. ಅಲ್ಲಿ ಮೊದಲು ತೋರಿಸೋದು ಡಬಲ್ ಗ್ಲೇಜಿಂಗ್. ಎರಡು ಗಾಜು, ನಡುವೆ ಗಾಳಿ. ಒಳಗೆ ಹೊರಗೆ ತಾಪದ ವ್ಯತ್ಯಾಸ ಜಾಸ್ತಿ ಇರುವ ಊರಿಗೆ ಅದು ಒಳ್ಳೆಯದು. ನಮ್ಮ ತೊಂದರೆ ನೇರ ಬಿಸಿಲು. ಸಾದಾ ಗಾಜು ಎರಡು ಹಾಕಿದರೂ ಬಿಸಿಲಿನ ಶಾಖ 70% ಒಳಗೆ ಬಂದೇ ಬರುತ್ತದೆ. ಕೇಳಬೇಕಾದ್ದು ಎಸ್‌ಎಚ್‌ಜಿಸಿ ಅನ್ನೋ ನಂಬರ್, ಅಂದರೆ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತೆ ಅಂತ. ಸಾದಾ ಗಾಜಿಗೆ 0.8, ಒಳ್ಳೆಯ ಸೋಲಾರ್ ಕಂಟ್ರೋಲ್ ಕೋಟಿಂಗ್ ಇದ್ದರೆ 0.3ರ ಆಸುಪಾಸು. ಜೊತೆಗೆ ವಿಎಲ್‌ಟಿ ಕೇಳಿ, ಅದು ಬೆಳಕಿನ ಪಾಲು. ಮೊದಲನೆಯದು ಕಮ್ಮಿ, ಎರಡನೆಯದು ಜಾಸ್ತಿ ಇರುವ ಗಾಜು ಹುಡುಕಿ. ನಂಬರ್ ಹೇಳೋಕೆ ಬಾರದ ಅಂಗಡಿಯಲ್ಲಿ ತಗೊಳ್ಳಬೇಡಿ. ಟಫನ್ಡ್ ಗಾಜು ಗಟ್ಟಿ, ಒಡೆದರೆ ಸಣ್ಣ ಸಣ್ಣ ಚೂರಾಗುತ್ತದೆ, ಆದರೆ ತಲೆಯ ಮೇಲಿನ ಗಾಜು ಮಾತ್ರ ಲ್ಯಾಮಿನೇಟೆಡ್ ಇರಲೇಬೇಕು. ಒಡೆದರೂ ನಡುವಿನ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ.

ನಮ್ಮ ಗಾಜಿನ ಇನ್ನೊಂದು ಪಾಪ, ಅದು ತೆಗೆಯೋಕೆ ಬರೋದಿಲ್ಲ. ಪೂರ್ತಿ ಫಿಕ್ಸೆಡ್. ಬಿಸಿಲು ಬಂತು, ಗಾಳಿ ಬರಲಿಲ್ಲ. ಇಕೋ ನಿವಾಸ್ ಸಂಹಿತಾ ಅಂತ 2018ರಲ್ಲಿ ಕೇಂದ್ರದ ಒಂದು ಕೋಡ್ ಬಂತು. ಬೆಂಗಳೂರಿನಂಥ ಹವೆ ಇರುವ ಊರಿಗೆ, ತೆರೆಯಬಹುದಾದ ಕಿಟಕಿ ಬಾಗಿಲು ಸೇರಿ ಕಾರ್ಪೆಟ್ ಏರಿಯಾದ (ಗೋಡೆ ಬಿಟ್ಟು ಒಳಗಿನ ನೆಲದ) 12.5% ಇರಬೇಕು ಅನ್ನುತ್ತದೆ ಅದು. ದೊಡ್ಡ ಸೈಟುಗಳಿಗೆ ಮಾಡಿದ್ದು, ಆದರೂ ನಿಮ್ಮ ಪ್ಲ್ಯಾನ್ ಮೇಲೆ ಒಮ್ಮೆ ಈ ಲೆಕ್ಕ ಹಾಕಿ ನೋಡಿ.

ರಾತ್ರಿಯ ಕಥೆ ಬೇರೆ. ಒಳಗೆ ಲೈಟ್ ಹಾಕಿದರೆ ಬೀದಿಗೆಲ್ಲ ನಾವು ಸೀರೆ ಅಂಗಡಿ ಶೋಕೇಸ್. ಎದುರು ಮನೆಯವರು ಒಂದಿನ "ನಿನ್ನೆ ರಾತ್ರಿ ನಿಮ್ಮಲ್ಲೂ ಉಪ್ಪಿಟ್ಟೇನಾ?" ಅಂತ ಕೇಳಿದರು. ಒಂದು ಪಿಕಳಾರ ಹಕ್ಕಿ ಗಾಜಿನಲ್ಲಿ ಕಂಡ ಆಕಾಶವನ್ನು ನಿಜ ಅಂದುಕೊಂಡು ಬಡಿದು ಸತ್ತಿತು. ಆವತ್ತು ಮಗಳು ಊಟ ಮಾಡಲಿಲ್ಲ.

ಕೊನೆಗೆ ಏನು ಮಾಡಿದೆ ಅಂದರೆ, ಬಿಸಿಲನ್ನು ಗಾಜಿನ ಹೊರಗೇ ತಡೆದೆ. ಎರಡಡಿ ಮುಂದಕ್ಕೆ ಕಬ್ಬಿಣದ ಫ್ರೇಮ್ ಕೊಟ್ಟು ಬಿದಿರಿನ ತಟ್ಟಿ ಇಳಿಬಿಟ್ಟೆವು, ಎತ್ತೋಕೆ ಇಳಿಸೋಕೆ ಹಗ್ಗ. ಮೂರು ಗಂಟೆಗೆ ಅಮ್ಮನೇ ಇಳಿಸುತ್ತಾರೆ. ಎರಡು ಮಳೆಗಾಲಕ್ಕೊಮ್ಮೆ ಬದಲಾಯಿಸಬೇಕು, ನೋಡೋಕೆ ಅಷ್ಟೇನೂ ಚೆಂದ ಇಲ್ಲ, ಆದರೆ ಅಮ್ಮನ ಕುರ್ಚಿ ಹಾಲಿಗೆ ವಾಪಸ್ ಬಂತು. ಗೇಟಿನ ಪಕ್ಕ ಹೊಂಗೆ ಸಸಿ ನೆಟ್ಟೆ, ಈಗ ಮೊದಲ ಮಹಡಿ ಮುಟ್ಟಿದೆ.

ಇನ್ನೊಮ್ಮೆ ಕಟ್ಟಿಸಿದರೆ ಪಶ್ಚಿಮಕ್ಕೆ ಮೆಟ್ಟಿಲು, ಬಾತ್‌ರೂಮ್, ಕಪಾಟು ಇಡುತ್ತೇನೆ. ಬೆಳಕನ್ನು ಬೇರೆ ಕಡೆಯಿಂದ ತರುತ್ತೇನೆ. 30×40ರಲ್ಲಿ ಪಕ್ಕಕ್ಕೆ ಬಿಡೋದು ಮೂರಡಿ, ಅದರಾಚೆ ಪಕ್ಕದವರ ಗೋಡೆ, ನಿಜ. ಆದರೆ ಉತ್ತರದ ಕಾಂಪೌಂಡ್ ಗೋಡೆಗೆ ಒಳಗಡೆ ಬಿಳಿ ಸುಣ್ಣ ಹೊಡೆಸಿ ನೋಡಿ, ಆ ಮೂರಡಿ ಸಂದಿಯೇ ದೀಪದ ಹಾಗೆ ಆಗುತ್ತದೆ. ನಾನು ಮಾಡಿದ ಕೆಲಸಗಳಲ್ಲೆಲ್ಲ ಅಗ್ಗದ್ದು, ಜಾಸ್ತಿ ಫಲ ಕೊಟ್ಟದ್ದು ಇದೇ. ಕಿಟಕಿಯನ್ನು ಅಗಲ ಮಾಡೋ ಬದಲು ಎತ್ತರಕ್ಕೆ ಇಡಿ. ಕಿಟಕಿಯ ಮೇಲಂಚು ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು, ಎರಡೂವರೆಯಷ್ಟು ದೂರ ಬೆಳಕು ಒಳಗೆ ಹೋಗುತ್ತದೆ.

ಮೆಟ್ಟಿಲ ಮೇಲೆ ಸ್ಕೈಲೈಟ್ ಇಡಿ, ಆದರೆ ಚಿಕ್ಕದು, ಮೂರಡಿ ನಾಲ್ಕಡಿ ಸಾಕು. ಮಟ್ಟವಾಗಿ ಮಲಗಿಸಬೇಡಿ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಮಲಗಿಸಿದ ಗಾಜು ಅಂದರೆ ಅವನಿಗೆ ಬಾಗಿಲು ತೆರೆದಿಟ್ಟ ಹಾಗೆ. ಮಳೆ ನೀರೂ ನಿಂತು ಗಾಜಿನ ಅಂಚಿನ ಸಿಲಿಕೋನ್ ಅಂಟು ಬಿಟ್ಟುಕೊಳ್ಳುತ್ತದೆ. ತಾರಸಿಗಿಂತ ಒಂದಡಿ ಕಟ್ಟೆ ಎಬ್ಬಿಸಿ, ಗಾಜನ್ನು ಉತ್ತರಕ್ಕೆ ನಿಲ್ಲಿಸಿ, ಪಕ್ಕದಲ್ಲಿ ಬಿಸಿ ಗಾಳಿ ಹೋಗೋಕೆ ಸೊಳ್ಳೆ ಮೆಶ್ ಹಾಕಿದ ಕಿಂಡಿ ಬಿಡಿ.

ಒಂದು ವಿಷಯ ನೀವು ಬರೆದಿಲ್ಲ. ರಸ್ತೆ ಎಷ್ಟು ಅಗಲ, ಎದುರಿಗೆ ಏನಿದೆ? 30 ಅಡಿ ರಸ್ತೆಯ ಆಚೆ ನಾಲ್ಕು ಮಹಡಿ ಇದ್ದರೆ ಸಂಜೆ ಬಿಸಿಲನ್ನು ಅವರೇ ತಡೆಯುತ್ತಾರೆ, ಆಗ ನಾನು ಹೇಳಿದ್ದರಲ್ಲಿ ಅರ್ಧ ನಿಮಗೆ ಅನ್ವಯಿಸೋದಿಲ್ಲ. ಖಾಲಿ ಸೈಟ್ ಇದ್ದರೆ ಈ ಭಾನುವಾರ ಸಂಜೆ ನಾಲ್ಕಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ತಗೊಂಡು ಹೋಗಿ. ಸೋಫಾ ಬರುವ ಜಾಗದಲ್ಲಿ ರಸ್ತೆ ಕಡೆ ಮುಖ ಮಾಡಿ ಒಂದು ಗಂಟೆ ಕೂತು ಬನ್ನಿ. ಆರ್ಕಿಟೆಕ್ಟನ್ನೂ ಕರೆದುಕೊಂಡು ಹೋಗಿ.